‘ಸಿಸ್ಟಮ್ ಟೈಮ್ ಹಿಂದಕ್ಕೆ ತಿರುಗಿಸಿದ್ದಾರೆ, ಲಾಗ್‌ನಲ್ಲೇ ಪ್ರೂಫ್ ಇದೆ’: ಆ ಸಾಲು ನಿಜಕ್ಕೂ ಏನು ಹೇಳುತ್ತದೆ?

ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್‌ನದು ಎನ್ನಲಾದ ಸ್ಕ್ರೀನ್‌ಶಾಟ್ ಒಂದನ್ನು ಓದುಗರೊಬ್ಬರು ನಮಗೆ ಕಳಿಸಿದ್ದರು. ಅವರ ಊರಿನ ಎರಡು ಮೂರು ವಾಟ್ಸಾಪ್ ಗ್ರೂಪ್‌ಗಳಲ್ಲಿ ಅದು ಓಡಾಡುತ್ತಿತ್ತಂತೆ. ಕಪ್ಪು ಪರದೆ, ಬಿಳಿ ಅಕ್ಷರ, ಮೂರು ಸಾಲುಗಳ ಸುತ್ತ ಕೆಂಪು ಗೆರೆ. ಜೊತೆಗಿದ್ದ ಒಕ್ಕಣೆ ಹೀಗಿತ್ತು: “ಪ್ರಾಕ್ಟಿಕಲ್ ಎಕ್ಸಾಮ್ ದಿನ ಲ್ಯಾಬ್ ಸಿಸ್ಟಮ್ ಟೈಮನ್ನ ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿದ್ದಾರೆ. ಲಾಗ್‌ನಲ್ಲೇ ಪ್ರೂಫ್ ಇದೆ. ಎಲ್ಲರಿಗೂ ಕಳಿಸಿ.” ಕೆಳಗೆ ಲ್ಯಾಬ್ ನೋಡಿಕೊಳ್ಳುವವರ ಹೆಸರು, ಫೋನ್ ನಂಬರ್. ಅವೆರಡನ್ನೂ ನಾವಿಲ್ಲಿ ಹಾಕುತ್ತಿಲ್ಲ.

ಕೆಂಪು ಗೆರೆಯೊಳಗಿದ್ದ ಸಾಲುಗಳು ಇವು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ, ಅಷ್ಟೆ.

15:40:07 ಸೆಲೆಕ್ಟೆಡ್ ಸೋರ್ಸ್ …
15:40:07 ಸಿಸ್ಟಮ್ ಕ್ಲಾಕ್ ರಾಂಗ್ ಬೈ -19799.612 ಸೆಕೆಂಡ್ಸ್
10:10:07 ಸಿಸ್ಟಮ್ ಕ್ಲಾಕ್ ವಾಸ್ ಸ್ಟೆಪ್ಡ್ ಬೈ -19799.612 ಸೆಕೆಂಡ್ಸ್

ನೋಡಿದ ತಕ್ಷಣ ಯಾರಿಗಾದರೂ ಅನುಮಾನ ಬರುವಂತೆಯೇ ಇದೆ. ಮಧ್ಯಾಹ್ನ 3:40ರ ಸಾಲಿನ ಕೆಳಗೆ ಬೆಳಗ್ಗೆ 10:10ರ ಸಾಲು. ‘ಸ್ಟೆಪ್ಡ್’ ಎಂಬ ಪದ. ಅಷ್ಟು ದೊಡ್ಡ ಮೈನಸ್ ಸಂಖ್ಯೆ. ಆದರೆ ಚಿಕ್ಕ ಉತ್ತರ ಇಷ್ಟು: ಈ ಮೂರು ಸಾಲು ಯಾರೋ ಟೈಮ್ ತಿರುಚಿದ್ದಕ್ಕೆ ಸಾಕ್ಷಿ ಅಲ್ಲ. ತಪ್ಪು ಟೈಮ್ ತೋರಿಸುತ್ತಿದ್ದ ಕಂಪ್ಯೂಟರ್ ತಾನಾಗಿಯೇ ಸರಿಯಾದ ಟೈಮಿಗೆ ಬಂತು ಎಂದು ಅವು ಹೇಳುತ್ತಿವೆ. ಹಾಗೆಂದು ಅವು ಬಾಯಿ ಬಿಟ್ಟು ಹೇಳುವುದಿಲ್ಲ ಎಂಬುದೇ ತೊಂದರೆ.

ಕಂಪ್ಯೂಟರ್‌ಗೆ ಟೈಮ್ ಹೇಳಿಕೊಡುವವರು ಯಾರು?

ಕಂಪ್ಯೂಟರ್ ಇರಲಿ, ಮೊಬೈಲ್ ಇರಲಿ, ಒಳಗೆ ಒಂದು ಸಣ್ಣ ಕ್ವಾರ್ಟ್ಜ್ ಹರಳು ಇರುತ್ತದೆ. ಕೈಗಡಿಯಾರದಲ್ಲಿ ಇರುವಂಥದ್ದೇ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಆ ಕಂಪನಗಳನ್ನು ಎಣಿಸಿ ಗಡಿಯಾರ ನಡೆಯುತ್ತದೆ. ಹರಳು ಅಗ್ಗ, ನಂಬಿಕಸ್ಥ, ಆದರೆ ಪೂರ್ತಿ ನಿಖರವಲ್ಲ. ಬಿಸಿಲಿಗೆ ಒಂದು ಥರ, ಚಳಿಗೆ ಇನ್ನೊಂದು ಥರ. ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹತ್ತಿರ ಹತ್ತಿರ 52 ಸೆಕೆಂಡು ಆಗಿಬಿಡುತ್ತದೆ. ಲಾಗ್‌ಗಳಲ್ಲಿ ‘ಪಿಪಿಎಂ’ ಎಂದು ಕಾಣುವುದು ಈ ಲೆಕ್ಕವೇ, ಹತ್ತು ಲಕ್ಷಕ್ಕೆ ಎಷ್ಟು ಎಂದು.

ಹಾಗಾಗಿ ಕಂಪ್ಯೂಟರ್ ಆಗಾಗ ಇಂಟರ್ನೆಟ್‌ನಲ್ಲಿರುವ ಟೈಮ್ ಸರ್ವರ್‌ಗಳನ್ನು ಕೇಳುತ್ತದೆ. ಈ ಕೇಳುವ ಹೇಳುವ ಕ್ರಮಕ್ಕೆ ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್, ಎಂದು ಹೆಸರು. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ ಇದರ ಮೊದಲ ದಾಖಲೆ ಬಂದದ್ದು 1985ರಲ್ಲಿ. ಇವತ್ತಿಗೂ ಜಗತ್ತಿನ ಬಹುಪಾಲು ಕಂಪ್ಯೂಟರ್‌ಗಳು ಹೊಂದಿಕೊಳ್ಳುವುದು ಇದನ್ನು ನಂಬಿಯೇ.

ಇದರ ಉಪಾಯ ಸರಳವಾಗಿದೆ, ಜಾಣತನದ್ದೂ ಹೌದು. ನಿಮ್ಮ ಕಂಪ್ಯೂಟರ್ ತನ್ನ ಗಡಿಯಾರ ನೋಡಿ 10:00:00.000ಕ್ಕೆ ಒಂದು ಚೀಟಿ ಕಳಿಸಿತು ಎಂದುಕೊಳ್ಳಿ. ಸರ್ವರ್ ತನ್ನ ಗಡಿಯಾರದಲ್ಲಿ 10:00:02.050ಕ್ಕೆ ಅದನ್ನು ಪಡೆದು, 10:00:02.060ಕ್ಕೆ ಉತ್ತರ ಹಾಕಿತು. ಉತ್ತರ ನಿಮ್ಮ ಕಂಪ್ಯೂಟರ್ ಕೈಸೇರಿದಾಗ ಅದರ ಗಡಿಯಾರದಲ್ಲಿ 10:00:00.110. ಹೋಗಿ ಬರುವ ದಾರಿಗೆ ಹಿಡಿದದ್ದು ಒಟ್ಟು 0.100 ಸೆಕೆಂಡು. ಹೋಗಲು ಅರ್ಧ, ಬರಲು ಅರ್ಧ ಎಂದು ಹಿಡಿದರೆ ನಿಮ್ಮ ಗಡಿಯಾರ ಸರಿಯಾಗಿ 2 ಸೆಕೆಂಡು ಹಿಂದಿದೆ ಎಂದು ಲೆಕ್ಕ ಸಿಗುತ್ತದೆ. ಲಾಗ್‌ನಲ್ಲಿ ಬರುವ ‘ಆಫ್‌ಸೆಟ್’ ಎಂದರೆ ಈ 2 ಸೆಕೆಂಡಿನ ವ್ಯತ್ಯಾಸ, ‘ಡಿಲೇ’ ಎಂದರೆ ಆ 0.100 ಸೆಕೆಂಡಿನ ಪ್ರಯಾಣ. ಪ್ರಯಾಣದ ಸಮಯ ಒಂದೊಂದು ಸಲ ಒಂದೊಂದು ಥರ ಏರುಪೇರಾದರೆ ಅದು ‘ಜಿಟರ್’.

ವ್ಯತ್ಯಾಸ ಗೊತ್ತಾದ ಮೇಲೆ ಸರಿಪಡಿಸಲು ಎರಡು ದಾರಿ. ಒಂದು, ಗಡಿಯಾರವನ್ನು ಸ್ವಲ್ಪ ಬೇಗ ಅಥವಾ ಸ್ವಲ್ಪ ನಿಧಾನ ಓಡಿಸಿ ಮೆಲ್ಲಗೆ ಹೊಂದಿಸುವುದು. ಇನ್ನೊಂದು, ಮುಳ್ಳನ್ನು ಹಿಡಿದು ತಿರುಗಿಸಿದ ಹಾಗೆ ಒಂದೇ ಏಟಿಗೆ ಸರಿಯಾದ ಟೈಮಿಗೆ ಇಡುವುದು. ‘ಸ್ಟೆಪ್’ ಎಂದರೆ ಈ ಎರಡನೆಯದು. ಎನ್‌ಟಿಪಿಡಿ ಎಂಬ ಹಳೆಯ, ಹೆಸರುವಾಸಿ ಪ್ರೋಗ್ರಾಮ್ ಮೆಲ್ಲಗೆ ಹೊಂದಿಸುವಾಗ ಸೆಕೆಂಡಿಗೆ ಹೆಚ್ಚೆಂದರೆ ಅರ್ಧ ಮಿಲಿಸೆಕೆಂಡು ಸರಿಸುತ್ತದೆ. ಒಂದು ಸೆಕೆಂಡಿನ ತಪ್ಪು ಸರಿಹೋಗಲು 33 ನಿಮಿಷ ಬೇಕು. ಇದೇ ವೇಗದಲ್ಲಿ ಐದೂವರೆ ಗಂಟೆ ಸರಿಪಡಿಸಲು ಹೊರಟರೆ 458 ದಿನ! ಆದ್ದರಿಂದ ದೊಡ್ಡ ವ್ಯತ್ಯಾಸ ಇದ್ದಾಗ, ಅದರಲ್ಲೂ ಕಂಪ್ಯೂಟರ್ ಆಗಷ್ಟೇ ಆನ್ ಆಗಿರುವಾಗ, ಒಂದೇ ಏಟಿಗೆ ಇಡುವುದು ವಾಡಿಕೆ. ಲ್ಯಾಬ್‌ನ ಸ್ಕ್ರೀನ್‌ಶಾಟ್ ಕ್ರೋನಿ ಎಂಬ ಪ್ರೋಗ್ರಾಮ್‌ನದು. ಲಿನಕ್ಸ್‌ನ ಹಲವು ಆವೃತ್ತಿಗಳಲ್ಲಿ ಅದು ಆನ್ ಆದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ, ತಪ್ಪು 1 ಸೆಕೆಂಡಿಗಿಂತ ಹೆಚ್ಚಿದ್ದರೆ, ಯಾರನ್ನೂ ಕೇಳದೆ ಸ್ಟೆಪ್ ಮಾಡುವಂತೆ ಮೊದಲೇ ಹೊಂದಿಸಿರುತ್ತಾರೆ.

19,800 ಎಂಬ ನಮ್ಮೂರಿನ ಸಂಖ್ಯೆ

ಈಗ ಆ 19799.612 ಕಡೆ ಬರೋಣ. ಐದೂವರೆ ಗಂಟೆಗೆ ಎಷ್ಟು ಸೆಕೆಂಡು? ಐದೂವರೆ ಗುಣಿಸು 3600, ಅಂದರೆ 19,800. ಗ್ರೂಪಿನವರೂ ಇಲ್ಲಿಯವರೆಗೆ ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಅವರು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ, ಐದೂವರೆಯೇ ಏಕೆ ಎಂಬುದು. ಪರೀಕ್ಷೆಯಲ್ಲಿ ಮೋಸ ಮಾಡಲು ಹೊರಟವರು ಅರ್ಧ ಗಂಟೆಯೋ ಒಂದು ಗಂಟೆಯೋ ತಿರುಗಿಸಬಹುದು. ಹೆಚ್ಚು ಕಡಿಮೆ ಸರಿಯಾಗಿ ಐದೂವರೆ ಗಂಟೆ ಎಂದರೆ ಅದು ಭಾರತೀಯ ಕಾಲಮಾನಕ್ಕೂ ವಿಶ್ವ ಸಮಯ ಯುಟಿಸಿಗೂ ಇರುವ ಅಂತರ.

ಕಂಪ್ಯೂಟರ್ ಆಫ್ ಆಗಿದ್ದಾಗಲೂ ಟೈಮ್ ಮರೆಯಬಾರದೆಂದು ಮದರ್‌ಬೋರ್ಡ್‌ನಲ್ಲಿ ನಾಣ್ಯದಂಥ ಸಣ್ಣ ಸೆಲ್ಲಿನಿಂದ ಓಡುವ ಪುಟ್ಟ ಗಡಿಯಾರ ಇರುತ್ತದೆ. ಅದರಲ್ಲಿ ಯಾವ ಟೈಮ್ ಇಡಬೇಕು ಎಂಬ ಬಗ್ಗೆ ವಿಂಡೋಸ್ ಮತ್ತು ಲಿನಕ್ಸ್ ನಡುವೆ ಹಳೆಯ ಭಿನ್ನಾಭಿಪ್ರಾಯ. ವಿಂಡೋಸ್ ಅಲ್ಲಿ ಸ್ಥಳೀಯ ಸಮಯ ಇಡುತ್ತದೆ, ನಮ್ಮಲ್ಲಾದರೆ ಭಾರತೀಯ ಕಾಲಮಾನ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿ ಯುಟಿಸಿ ಇದೆ ಎಂದು ನಂಬುತ್ತದೆ. ಒಂದೇ ಕಂಪ್ಯೂಟರ್‌ನಲ್ಲಿ ಎರಡನ್ನೂ ಹಾಕಿದ್ದರೆ, ಅಂದರೆ ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಹೇಳುವ ‘ಡ್ಯುಯಲ್ ಬೂಟ್’ ಇದ್ದರೆ, ಗಲಿಬಿಲಿ ಶುರು. ವಿಂಡೋಸ್ 10:10 ಎಂದು ಬರೆದಿಟ್ಟದ್ದನ್ನು ಲಿನಕ್ಸ್ ಯುಟಿಸಿ ಎಂದು ಓದಿ, ಭಾರತಕ್ಕೆಂದು ಐದೂವರೆ ಗಂಟೆ ಸೇರಿಸಿ, 15:40 ಎಂದು ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ಇಂಟರ್ನೆಟ್ ಸಿಕ್ಕಿ ಟೈಮ್ ಸರ್ವರ್ ಉತ್ತರ ಕೊಟ್ಟಾಗ ಕ್ರೋನಿಗೆ ತಪ್ಪು ಗೊತ್ತಾಗುತ್ತದೆ. ಗಡಿಯಾರ 10:10ಕ್ಕೆ ಬರುತ್ತದೆ.

ಸಾಲುಗಳು ಅನುಕ್ರಮ ತಪ್ಪಿದ್ದು ಇದಕ್ಕೇ. ಪ್ರತಿ ಸಾಲಿಗೂ ಟೈಮ್ ಹಾಕುವುದು ಅದೇ ಕಂಪ್ಯೂಟರ್‌ನ ಗಡಿಯಾರ. ಮೊದಲೆರಡು ಸಾಲು ಬರೆದಾಗ ಗಡಿಯಾರ ತಪ್ಪಿತ್ತು, ಮೂರನೆಯದು ಬರೆಯುವ ಹೊತ್ತಿಗೆ ಸರಿಯಾಗಿತ್ತು. ಮೂರೂ ಬರೆದದ್ದು ಬೆಳಗ್ಗೆ 10:10ಕ್ಕೇ. ಇನ್ನು ಆ 0.388 ಸೆಕೆಂಡಿನ ಕೊರತೆ ಹರಳಿನ ಗಡಿಯಾರದ ಸಹಜ ತಪ್ಪು. ಅದು ಇರುವುದು ಒಳ್ಳೆಯ ಗುರುತು ಎಂದೇ ಹೇಳಬೇಕು.

ನಮ್ಮ ಓದುಗರು ಅದೇ ಕಾಲೇಜಿನವರು. ಮೂರು ಸಾಲು ಸಾಲದು, ಬೇರೆ ದಿನಗಳ ಲಾಗ್ ಕೂಡ ನೋಡಲು ಸಾಧ್ಯವೇ ಎಂದು ಅವರನ್ನು ಕೇಳಿದೆವು. ಆ ಸಿಸ್ಟಮ್‌ನಲ್ಲಿ ಎರಡೂ ಇವೆ, ಹಿಂದಿನ ದಿನ ವಿಂಡೋಸ್ ಬಳಸಿ ಮರುದಿನ ಲಿನಕ್ಸ್‌ಗೆ ಬಂದಾಗಲೆಲ್ಲ ಇದೇ ಸಾಲು ಇದೆ, ಪರೀಕ್ಷೆ ಇಲ್ಲದ ದಿನಗಳಲ್ಲೂ ಇದೆ ಎಂದು ಅವರು ತಿಳಿಸಿದರು. ಅಕ್ಕಪಕ್ಕದ ಸಿಸ್ಟಮ್‌ಗಳಲ್ಲೂ ಅಷ್ಟೇ. ಫಾರ್ವರ್ಡ್‌ನಲ್ಲಿ ಹೆಸರಿದ್ದವರಿಗೆ ಅಷ್ಟು ಹೊತ್ತಿಗೆ ಎಷ್ಟು ಜನ ಫೋನ್ ಮಾಡಿ ಬೈದಿದ್ದರೋ.

ಒಂದು ಮಾತು ಸ್ಪಷ್ಟವಾಗಿರಲಿ. ಆ ಪರೀಕ್ಷೆಯಲ್ಲಿ ಏನೂ ನಡೆದಿಲ್ಲ ಎಂದು ನಾವು ಹೇಳುತ್ತಿಲ್ಲ, ಅದು ನಮಗೆ ಹೇಗೆ ಗೊತ್ತಾಗಬೇಕು? ಈ ಸಾಲಿನಿಂದ ಅದು ಸಾಬೀತಾಗುವುದಿಲ್ಲ ಎನ್ನುತ್ತಿದ್ದೇವೆ. ಯಾರಾದರೂ ಕೈಯಾರೆ ಟೈಮ್ ಬದಲಿಸಿದ್ದರೆ ಅದರ ಗುರುತು ಹುಡುಕುವ ಜಾಗವೇ ಬೇರೆ. ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4616 ಸಂಖ್ಯೆಯ ದಾಖಲೆ ಎಂದರೆ ‘ಸಿಸ್ಟಮ್ ಟೈಮ್ ಬದಲಾಯಿತು’ ಎಂದು. ಅದರಲ್ಲಿ ಹಳೆಯ ಟೈಮ್, ಹೊಸ ಟೈಮ್, ಬದಲಿಸಿದ ಖಾತೆಯ ಹೆಸರು, ಯಾವ ಪ್ರೋಗ್ರಾಮ್ ಮೂಲಕ ಎಂಬುದೆಲ್ಲ ಇರುತ್ತದೆ. ಖಾತೆಯ ಹೆಸರು ‘ಲೋಕಲ್ ಸರ್ವಿಸ್’ ಎಂದಿದ್ದರೆ ಅದು ಸಾಮಾನ್ಯವಾಗಿ ವಿಂಡೋಸ್‌ನ ಸ್ವಂತ ಟೈಮ್ ಸೇವೆ, ಮನುಷ್ಯರಲ್ಲ.

ಹೆದರಿಸುವ ಸಾಲು, ಹೆದರಬೇಕಾದ ಸಾಲು

ಇದೇ ಸ್ಕ್ರೀನ್‌ಶಾಟ್‌ನ ಕೆಳಗೆ ಕೆಂಪು ಗೆರೆ ಇಲ್ಲದ ಇನ್ನೊಂದು ಸಾಲಿತ್ತು: ‘ಸಿಸ್ಟಮ್ ಕ್ಲಾಕ್ ಟಿಎಐ ಆಫ್‌ಸೆಟ್ ಸೆಟ್ ಟು 37 ಸೆಕೆಂಡ್ಸ್’. ಗಡಿಯಾರ ಇನ್ನೂ 37 ಸೆಕೆಂಡು ತಪ್ಪಿದೆ ಎಂದು ಅರ್ಥ ಮಾಡಿಕೊಂಡರೆ ಆಶ್ಚರ್ಯವಿಲ್ಲ. ನಿಜವೇನೆಂದರೆ ಈ 37 ಜಗತ್ತಿನ ಎಲ್ಲ ಕಂಪ್ಯೂಟರ್‌ಗೂ ಒಂದೇ. ಭೂಮಿ ತಿರುಗುವ ವೇಗಕ್ಕೆ ಹೊಂದಿಕೊಳ್ಳಲು ಯುಟಿಸಿಗೆ ಆಗಾಗ ಒಂದು ಸೆಕೆಂಡು ಸೇರಿಸುತ್ತ ಬಂದಿದ್ದಾರೆ. ಪರಮಾಣು ಗಡಿಯಾರಗಳ ಟಿಎಐ ಎಣಿಕೆಗೆ ಆ ಸೇರಿಕೆ ಇಲ್ಲ. 1972ರಲ್ಲಿ ಈ ಪದ್ಧತಿ ಶುರುವಾದಾಗಲೇ ಎರಡರ ನಡುವೆ 10 ಸೆಕೆಂಡು ಅಂತರವಿತ್ತು, ಆಮೇಲೆ ಸೇರಿಸಿದ್ದು 27. ಕೊನೆಯದು ಸೇರಿದ್ದು 2016ರ ಡಿಸೆಂಬರ್ 31ರ ಕೊನೆಗೆ, ನಮ್ಮಲ್ಲಿ ಅದು 2017ರ ಜನವರಿ 1ರ ಬೆಳಗಿನ ಐದೂವರೆ. ಲಾಗ್‌ನ ಈ ಸಾಲು ಬರೀ ಒಂದು ಮಾಹಿತಿ. ಓದಿ ಮುಂದೆ ಹೋಗಬಹುದು.

ಇಂಥ ಇನ್ನೂ ಕೆಲವು ಇವೆ. ‘ಫಾರ್ವರ್ಡ್ ಟೈಮ್ ಜಂಪ್ ಡಿಟೆಕ್ಟೆಡ್!’ ಎಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕ್ರೋನಿ ಕೂಗುತ್ತದೆ. ಬಹಳ ಸಲ ಆಗಿರುವುದು ಇಷ್ಟೇ: ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದಿರಿ, ಈಗ ತೆರೆದಿರಿ. ಮಲಗಿ ಎದ್ದವರಿಗೆ ಗಂಟೆ ಹತ್ತಾಗಿರುವುದು ಕಂಡ ಹಾಗೆ. ಎನ್‌ಟಿಪಿಡಿಯ ‘ಕರ್ನಲ್ ರಿಪೋರ್ಟ್ಸ್ ಟೈಮ್ ಎರರ್: 0ಎಕ್ಸ್41: ಕ್ಲಾಕ್ ಅನ್‌ಸಿಂಕ್ರನೈಸ್ಡ್’ ಎಂಬ ಸಾಲು ನೋಡಿದರೆ ಕಂಪ್ಯೂಟರ್ ಕೆಟ್ಟೇ ಹೋಯಿತೇನೋ ಅನಿಸುತ್ತದೆ. ಅದು ಪ್ರೋಗ್ರಾಮ್ ಶುರುವಾದ ಕೂಡಲೇ ಬರುವ ಸಾಲು. ಇನ್ನೂ ಯಾವ ಸರ್ವರನ್ನೂ ಕೇಳಿಲ್ಲ, ಹಾಗಾಗಿ ಇನ್ನೂ ಹೊಂದಿಕೊಂಡಿಲ್ಲ ಎಂದಷ್ಟೇ ಅರ್ಥ. ಹತ್ತು ಹದಿನೈದು ನಿಮಿಷ ಕಳೆದರೂ ಹೊಂದಿಕೊಳ್ಳದಿದ್ದರೆ ಮಾತ್ರ ಯೋಚಿಸಬೇಕು.

ನಮ್ಮ ಪ್ರಕಾರ ಇದಕ್ಕಿಂತ ಅಪಾಯಕಾರಿ ಎಂದರೆ ನೆಮ್ಮದಿ ಕೊಡುವ ಹಾಗೆ ಕಾಣುವ ಸಾಲುಗಳು. ಹಳೆಯ ಸರ್ವರ್‌ಗಳ ಲಾಗ್‌ನಲ್ಲಿ ‘ಸಿಂಕ್ರನೈಸ್ಡ್ ಟು ಲೋಕಲ್(0), ಸ್ಟ್ರಾಟಮ್ 10’ ಎಂದು ಸಿಗುತ್ತದೆ. ಹೊಂದಿಕೊಂಡಿದೆ, ಸಂತೋಷ ಎಂದುಕೊಳ್ಳುತ್ತೇವೆ. ಯಾರೊಂದಿಗೆ ಹೊಂದಿಕೊಂಡಿದೆ? ‘ಲೋಕಲ್’ ಎಂದರೆ ತನ್ನದೇ ಗಡಿಯಾರ! ಹೊರಗಿನ ಯಾವ ಸರ್ವರೂ ಸಿಗದೆ ಅದು ತನ್ನ ಗಡಿಯಾರವನ್ನು ತಾನೇ ನೋಡಿಕೊಂಡು ಸರಿ ಎನ್ನುತ್ತಿದೆ. ಪರೀಕ್ಷೆ ಬರೆದವರೇ ತಮ್ಮ ಉತ್ತರ ಪತ್ರಿಕೆ ತಿದ್ದಿದ ಹಾಗೆ. ಅದು ವಾರಗಟ್ಟಲೆ ಹೀಗೇ ಇದ್ದರೆ ಆ ಆಫೀಸಿನ ಎಲ್ಲ ದಾಖಲೆಗಳ ಟೈಮ್ ಮೆಲ್ಲಗೆ ಜಾರುತ್ತಿರುತ್ತದೆ. ಸ್ಟ್ರಾಟಮ್ ಎಂದರೆ ಮೂಲ ಗಡಿಯಾರದಿಂದ ಎಷ್ಟನೇ ಕೈ ಎಂಬ ಲೆಕ್ಕ. ಪರಮಾಣು ಗಡಿಯಾರಕ್ಕೋ ಜಿಪಿಎಸ್‌ಗೋ ನೇರವಾಗಿ ಜೋಡಿಸಿದ ಸರ್ವರ್ 1, ಅದನ್ನು ಕೇಳುವುದು 2, ಹೀಗೆ. 16 ಎಂದಿದ್ದರೆ ಹದಿನಾರನೇ ಕೈ ಅಲ್ಲ, ಯಾರ ಕೈಯೂ ಸಿಕ್ಕಿಲ್ಲ ಎಂದು.

ವಿಂಡೋಸ್ ತನ್ನ ಲಾಗ್‌ನಲ್ಲಿ ‘86400 ಸೆಕೆಂಡುಗಳಿಂದ ಟೈಮ್ ಹೊಂದಿಸಲಾಗಿಲ್ಲ’ ಎಂಬರ್ಥದ ಎಚ್ಚರಿಕೆ ಬರೆಯುತ್ತದೆ. 86,400 ಸೆಕೆಂಡು ಎಂದರೆ ಒಂದು ದಿನ. ‘ಒಂದು ದಿನದಿಂದ’ ಎಂದು ಬರೆಯಲು ಏನು ಕಷ್ಟವಿತ್ತೋ ನಾವು ಅರಿಯೆವು. ಎನ್‌ಟಿಪಿಡಿಯ ಪಟ್ಟಿಯಲ್ಲಿ ‘ರೀಚ್’ ಎಂಬ ಕಾಲಂನಡಿ 377 ಎಂದು ಇರುತ್ತದೆ. 377 ಸಲ ಸಂಪರ್ಕವಾಯಿತು ಎಂದಲ್ಲ. ಕೊನೆಯ ಎಂಟು ಪ್ರಯತ್ನಗಳಲ್ಲಿ ಉತ್ತರ ಬಂದದ್ದಕ್ಕೆ 1, ಬಾರದ್ದಕ್ಕೆ 0 ಎಂದು ಬರೆದರೆ ಎಂಟೂ ಸಲ ಬಂದಾಗ ಎಂಟು ಒಂದುಗಳು. ಅದನ್ನು ಎಂಟರ ಲೆಕ್ಕದ ಸಂಖ್ಯಾ ಪದ್ಧತಿಯಲ್ಲಿ ಬರೆದರೆ 377. ಅಂದರೆ ಅದಕ್ಕಿಂತ ಒಳ್ಳೆಯ ಸಂಖ್ಯೆ ಅಲ್ಲಿ ಬರುವುದೇ ಇಲ್ಲ. ಎಂಟಕ್ಕೆ ಎಂಟು ಎಂದು ಹೇಳಬೇಕಾದ್ದನ್ನು ಇಷ್ಟು ಸುತ್ತಿ ಬಳಸಿ ಹೇಳಿದ್ದಾರೆ.

‘ನೋ ಮೆಜಾರಿಟಿ’ ಎಂಬ ಸಾಲನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಕೇಳಿದ ಸರ್ವರ್‌ಗಳು ಒಂದೊಂದು ಒಂದೊಂದು ಟೈಮ್ ಹೇಳುತ್ತಿವೆ, ಯಾರನ್ನು ನಂಬಲಿ ಎಂದು ಕಂಪ್ಯೂಟರ್ ಕೇಳುತ್ತಿದೆ. ಸರ್ವರ್‌ಗಳೂ ತಪ್ಪುತ್ತವೆ. 2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ ‘ಟಿಕ್’, ‘ಟಾಕ್’ ಎಂಬ ಎರಡು ಹೆಸರಾಂತ ಟೈಮ್ ಸರ್ವರ್‌ಗಳು ಸುಮಾರು ಒಂದು ಗಂಟೆ ಕಾಲ ವರ್ಷವನ್ನು 2000 ಎಂದು ಹೇಳಿದವು. ಅವನ್ನಷ್ಟೇ ನಂಬಿದ್ದ ಹಲವು ಕಂಪನಿಗಳ ಕಂಪ್ಯೂಟರ್‌ಗಳು, ಟೆಲಿಫೋನ್ ವ್ಯವಸ್ಥೆಗಳು ಹನ್ನೆರಡು ವರ್ಷ ಹಿಂದಕ್ಕೆ ಹೋದವು. ನಾಲ್ಕು ಕಡೆ ಕೇಳುವಂತೆ ಹೊಂದಿಸಿದ್ದ ಕಂಪ್ಯೂಟರ್‌ಗಳಿಗೆ ಆ ತೊಂದರೆ ಇರಲಿಲ್ಲ, ಮೂರು ಜನ ಒಂದು ಹೇಳಿ ಒಬ್ಬರು ಬೇರೆ ಹೇಳಿದರೆ ಆ ಒಬ್ಬರನ್ನು ಅವು ಬಿಟ್ಟುಬಿಡುತ್ತವೆ.

ಇದನ್ನು ಬೇರೆ ಥರ ಬರೆಯಬಹುದಿತ್ತೇ?

ಬರೆಯಬಹುದಿತ್ತು. ಈ ಸಾಲುಗಳನ್ನು ಬರೆದವರು ಪ್ರೋಗ್ರಾಮರ್‌ಗಳು, ಓದುವವರೂ ತಮ್ಮಂಥವರೇ ಎಂದುಕೊಂಡು ಬರೆದರು. ಆಗ ಅದು ನಿಜವೂ ಆಗಿತ್ತು. ಈಗ ಲಾಗ್‌ನ ಫೋಟೋ ಹೊಡೆದು ಗ್ರೂಪಿಗೆ ಹಾಕುವುದು ಎರಡು ಸೆಕೆಂಡಿನ ಕೆಲಸ.

ಎಲ್ಲಕ್ಕಿಂತ ದೊಡ್ಡ ಗೊಂದಲ ಪ್ಲಸ್ ಮೈನಸ್‌ನದು. ಎನ್‌ಟಿಪಿಡಿಯ ಪಟ್ಟಿಯಲ್ಲಿ ಆಫ್‌ಸೆಟ್ ಪ್ಲಸ್ ಎಂದರೆ ನಿಮ್ಮ ಗಡಿಯಾರ ಹಿಂದಿದೆ. ಕ್ರೋನಿಯ ಸರ್ವರ್ ಪಟ್ಟಿಯಲ್ಲಿ ಪ್ಲಸ್ ಎಂದರೆ ನಿಮ್ಮ ಗಡಿಯಾರ ಮುಂದಿದೆ. ಒಂದೇ ಕೆಲಸದ ಎರಡು ಪ್ರೋಗ್ರಾಮ್, ಒಂದಕ್ಕೊಂದು ತದ್ವಿರುದ್ಧ. ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದೇ ಕ್ರೋನಿಯಲ್ಲಿ ‘ಟ್ರ್ಯಾಕಿಂಗ್’ ಎಂಬ ಕಮಾಂಡ್ ಕೊಟ್ಟರೆ ಬರುವ ಪರದೆಯಲ್ಲಿ ಚಿಹ್ನೆ ಬಿಟ್ಟು ಮಾತಿನಲ್ಲೇ ಹೇಳುತ್ತದೆ: ಎನ್‌ಟಿಪಿ ಸಮಯಕ್ಕಿಂತ ಇಷ್ಟು ಸೆಕೆಂಡು ‘ಸ್ಲೋ’ ಅಥವಾ ‘ಫಾಸ್ಟ್’. ಯಾರಿಗೂ ತಪ್ಪಾಗುವುದಿಲ್ಲ. ಅಂದರೆ ಮಾಡಲು ಬರುವುದಿಲ್ಲ ಎಂದೇನಿಲ್ಲ.

ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಗಡಿಯಾರ ನೋಡುವ ಹಿರಿಯರು ಹೇಗೆ ಹೇಳುತ್ತಾರೆ? “ನಿನ್ನ ವಾಚು ಐದು ನಿಮಿಷ ಮುಂದಿದೆಯಪ್ಪ, ರೇಡಿಯೋದಲ್ಲಿ ಈಗಷ್ಟೇ ಕೇಳಿದೆ, ಸರಿ ಮಾಡ್ಕೋ.” ಎಷ್ಟು, ಯಾವ ಕಡೆಗೆ, ಯಾರನ್ನು ನಂಬಿ, ಈಗ ಏನು ಮಾಡಬೇಕು, ಎಲ್ಲವೂ ಅದರಲ್ಲಿದೆ. ಲ್ಯಾಬ್‌ನ ಆ ಸಾಲನ್ನು ನಾವು ಹೀಗೆ ಬರೆದು ನೋಡಿದೆವು:

“ಈ ಕಂಪ್ಯೂಟರ್‌ನ ಗಡಿಯಾರ 5 ಗಂಟೆ 29 ನಿಮಿಷ 59.6 ಸೆಕೆಂಡು ಮುಂದಿತ್ತು. ಟೈಮ್ ಸರ್ವರ್ ಹೇಳಿದಂತೆ ಕ್ರೋನಿ ತಾನಾಗಿ ಅದನ್ನು ಸರಿಪಡಿಸಿದೆ: 15:40:07 ಇದ್ದದ್ದು ಈಗ 10:10:07. ಇದಕ್ಕೂ ಮೊದಲಿನ ಸಾಲುಗಳಲ್ಲಿ ಇರುವುದು ತಪ್ಪು ಟೈಮ್. ವ್ಯತ್ಯಾಸ ಭಾರತದ ಕಾಲಮಾನದಷ್ಟೇ ಇರುವುದರಿಂದ ಮದರ್‌ಬೋರ್ಡ್ ಗಡಿಯಾರದ ಸೆಟ್ಟಿಂಗ್ ಪರಿಶೀಲಿಸಿ.”

ಉದ್ದವಾಯಿತು, ಒಪ್ಪುತ್ತೇವೆ. ಲಕ್ಷಾಂತರ ಸಾಲುಗಳ ಲಾಗ್ ನೋಡುವ ಎಂಜಿನಿಯರ್‌ಗೆ ಇಷ್ಟುದ್ದದ ಸಾಲು ಕಿರಿಕಿರಿ, ಯಂತ್ರದಿಂದ ಹುಡುಕಿಸುವವರಿಗೆ ಸಂಖ್ಯೆ ಸೆಕೆಂಡಿನಲ್ಲೇ ಇರಬೇಕು. ಸಾಲಿನ ರೂಪ ಬದಲಾದರೆ ಅದನ್ನು ಓದಲೆಂದೇ ಬರೆದ ಬೇರೆ ಪ್ರೋಗ್ರಾಮ್‌ಗಳು ಕೆಟ್ಟು ಕೂರುತ್ತವೆ, ಹಳೆಯ ಸಾಲುಗಳನ್ನು ಯಾರೂ ಸುಲಭವಾಗಿ ಮುಟ್ಟದಿರಲು ಇದೂ ಒಂದು ಕಾರಣ. ಆದರೂ ‘ಮುಂದಿತ್ತು’, ‘ತಾನಾಗಿ ಸರಿಪಡಿಸಿದೆ’ ಎಂಬ ಎರಡು ಮಾತು ಸೇರಿದ್ದರೆ ಸಾಕಿತ್ತು, ಈ ಫಾರ್ವರ್ಡ್ ಹುಟ್ಟುತ್ತಿರಲಿಲ್ಲ.

ಸಂಜೆಯೋ ಬೆಳಗಿನ ಜಾವವೋ?

ಲಾಗ್‌ನ ಟೈಮ್ ನೋಡಿ ಮನುಷ್ಯರನ್ನು ಅನುಮಾನಿಸುವ ಮೊದಲು ನೋಡಬೇಕಾದ ಇನ್ನೊಂದು ವಿಷಯವಿದೆ. ಎಷ್ಟೋ ಸರ್ವರ್‌ಗಳು, ಆ್ಯಪ್‌ಗಳು, ವೆಬ್‌ಸೈಟ್‌ಗಳು ಲಾಗ್ ಬರೆಯುವುದು ಯುಟಿಸಿಯಲ್ಲಿ. ಟೈಮ್‌ನ ಕೊನೆಗೆ ಇಂಗ್ಲಿಷಿನ ‘ಝಡ್’ ಅಕ್ಷರವೋ, ಯುಟಿಸಿ ಎಂಬ ಪದವೋ ಇದ್ದರೆ ಐದೂವರೆ ಗಂಟೆ ಸೇರಿಸಿಕೊಳ್ಳಬೇಕು. ಅಲ್ಲಿ 14ನೇ ತಾರೀಖು 20:50 ಎಂದಿದ್ದರೆ ನಮ್ಮಲ್ಲಿ ಅದು 15ನೇ ತಾರೀಖು ಬೆಳಗಿನ ಜಾವ 2:20. ರಾತ್ರಿ ಒಂಬತ್ತಕ್ಕೆ ಆಫೀಸಿನಲ್ಲಿ ಯಾರಿದ್ದರು ಎಂದು ಹುಡುಕಲು ಹೊರಟರೆ ತಪ್ಪು ಮನುಷ್ಯರೇ ಸಿಗುತ್ತಾರೆ, ಅದೂ ತಪ್ಪು ದಿನದಲ್ಲಿ.

ಸಿಸಿಟಿವಿಯದು ಇನ್ನೊಂದು ಕಥೆ. ಅಂಗಡಿ, ಅಪಾರ್ಟ್‌ಮೆಂಟ್‌ಗಳಲ್ಲಿ ಇಂಟರ್ನೆಟ್‌ಗೆ ಜೋಡಿಸದ ಡಿವಿಆರ್‌ಗಳು ವರ್ಷಗಟ್ಟಲೆ ತಮ್ಮ ಹರಳನ್ನಷ್ಟೇ ನಂಬಿ ಓಡುತ್ತಿರುತ್ತವೆ, ಹತ್ತು ನಿಮಿಷ ಆಚೀಚೆ ಇದ್ದರೆ ಯಾರ ಕೈವಾಡವೂ ಬೇಕಿಲ್ಲ. ಒಳಗಿನ ಸೆಲ್ ಸತ್ತಿದ್ದರಂತೂ ಕರೆಂಟ್ ಹೋಗಿ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಬಹುದು.

ಸರ್ಕಾರವೂ ಇದನ್ನು ಗಮನಿಸಿದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಕಂಪ್ಯೂಟರ್‌ಗಳ ಗಡಿಯಾರವನ್ನು ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡಿರುವ ಸರ್ವರ್‌ಗಳಿಗೆ ಹೊಂದಿಸಬೇಕು, 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು. ಭಾರತೀಯ ಕಾಲಮಾನವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ಆ ಪ್ರಯೋಗಾಲಯವೇ. ಹೀಗಾಗಿ ಲಾಗ್‌ಗಳು ಇನ್ನು ಮುಂದೆ ಹೆಚ್ಚು ಜನರ ಕಣ್ಣಿಗೆ ಬೀಳುತ್ತವೆ.

ನಿಮ್ಮ ಫೋನ್‌ಗೂ ಇದು ಸೇರಿದ್ದು

ಕೆಲವೊಮ್ಮೆ ಕ್ರೋಮ್ ತೆರೆದಾಗ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎಂದು ಬಂದು ಯಾವ ಸೈಟೂ ತೆರೆಯುವುದಿಲ್ಲ. ವಾಟ್ಸಾಪ್ ಕೂಡ ದಿನಾಂಕ ಸರಿಯಿಲ್ಲ ಎಂದು ಮುನಿಸಿಕೊಳ್ಳುತ್ತದೆ. ವೈರಸ್ ಅಲ್ಲ, ಹ್ಯಾಕ್ ಅಲ್ಲ. ಸುರಕ್ಷಿತ ಸೈಟ್‌ಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಫೋನ್‌ನ ದಿನಾಂಕ ತಪ್ಪಿದ್ದರೆ ಇವತ್ತು ಆ ಅವಧಿಯೊಳಗೆ ಇದೆಯೋ ಇಲ್ಲವೋ ಎಂದು ಅದಕ್ಕೆ ತಿಳಿಯುವುದಿಲ್ಲ. ಬಹಳ ಸಲ ಕಾರಣ ಮನೆಯಲ್ಲೇ ಇರುತ್ತದೆ: ಗೇಮ್‌ಗಾಗಿ ಮಗು ದಿನಾಂಕ ಬದಲಿಸಿ ಹಾಗೇ ಬಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೇಟ್ ಅಂಡ್ ಟೈಮ್‌ಗೆ ಹೋಗಿ ‘ಆಟೋಮ್ಯಾಟಿಕ್’ ಆನ್ ಮಾಡಿದರೆ ಮುಗಿಯಿತು. ಮೂವತ್ತು ಸೆಕೆಂಡಿಗೊಮ್ಮೆ ಆರು ಅಂಕಿ ಬದಲಾಗುವ ಅಥೆಂಟಿಕೇಟರ್ ಆ್ಯಪ್ ಬಳಸುವವರು ಇದನ್ನು ಎಂದೂ ಆಫ್ ಮಾಡಬೇಡಿ, ಗಡಿಯಾರ ಒಂದೆರಡು ನಿಮಿಷ ತಪ್ಪಿದರೂ ಆ ಅಂಕಿಗಳು ನಡೆಯದೇ ಹೋಗಬಹುದು.

ಇನ್ನು, ಯಾರಾದರೂ ಲಾಗ್‌ನ ಸ್ಕ್ರೀನ್‌ಶಾಟ್ ಕಳಿಸಿ ‘ಇದು ನಿಜವೇ ನೋಡಿ’ ಎಂದರೆ ಕೆಂಪು ಗೆರೆಯೊಳಗಿನ ಮೂರು ಸಾಲು ಸಾಲದು. ಅದರ ಹಿಂದಿನ ಹತ್ತು, ಮುಂದಿನ ಹತ್ತು ಸಾಲು, ಪ್ರೋಗ್ರಾಮ್‌ನ ಹೆಸರು, ಟೈಮ್ ಯುಟಿಸಿಯೋ ಭಾರತದ್ದೋ ಎಂಬುದು, ಮತ್ತು ಅದೇ ಕಂಪ್ಯೂಟರ್‌ನ ಬೇರೆ ಒಂದು ದಿನದ ಲಾಗ್ ಕೇಳಿ ಪಡೆಯಿರಿ. ನಮಗೆ ಕಳಿಸುವುದಾದರೂ ಇಷ್ಟನ್ನು ಸೇರಿಸಿಯೇ ಕಳಿಸಿ. ಹೆಸರು, ಫೋನ್ ನಂಬರ್ ಇದ್ದರೆ ಅಳಿಸಿ.